ಉದ್ಯಾನಗಳಲ್ಲಿ ಸಾಕುನಾಯಿಗಳ ಮುಕ್ತ ವಿಹಾರದ ವೇಳೆ: ಸಾರ್ವಜನಿಕ ಬೆಂಬಲ, ಕಾನೂನು ಹಾಗೂ ಅರ್ಜಿದಾರರಿಗೆ ಮಾಹಿತಿ

ಪೀಠಿಕೆ

ನಗರ ಮತ್ತು ಪಟ್ಟಣಗಳ ಸಾರ್ವಜನಿಕ ಉದ್ಯಾನಗಳಲ್ಲಿ ದಿನದ ಗೊತ್ತಾದ ವೇಳೆಯಲ್ಲಿ ಸಾಕುನಾಯಿಗಳನ್ನು ಹಗ್ಗ ಬಿಚ್ಚಿ ಓಡಾಡಲು ಬಿಡಬೇಕೆಂಬ ಬೇಡಿಕೆ ಇತ್ತೀಚಿನ ವರ್ಷಗಳಲ್ಲಿ ಕೇಳಿಬರುತ್ತಿದೆ. ಇಂತಹ ವೇಳೆಯನ್ನು ಈ ಲೇಖನದಲ್ಲಿ "ಮುಕ್ತ ವಿಹಾರದ ವೇಳೆ" ಎಂದು ಕರೆಯಲಾಗಿದೆ. ನಾಯಿ ಸಾಕಿದವರು ಇದನ್ನು ಪ್ರಾಣಿಯ ಆರೋಗ್ಯದ ಪ್ರಶ್ನೆಯೆಂದು ಮುಂದಿಡುತ್ತಾರೆ. ಬೆಳಗಿನ ನಡಿಗೆಗೆ ಬರುವ ಹಿರಿಯ ನಾಗರಿಕರು, ಮಕ್ಕಳನ್ನು ಕರೆತರುವ ತಾಯಂದಿರು ಹಾಗೂ ನಾಯಿಗೆ ಅಂಜುವವರು ಇದನ್ನು ತಮ್ಮ ಸುರಕ್ಷತೆಯ ಪ್ರಶ್ನೆಯೆಂದು ಪರಿಗಣಿಸುತ್ತಾರೆ. ಉದ್ಯಾನವು ಈ ಇಬ್ಬರಿಗೂ ಸೇರಿದ ಸ್ವತ್ತಾಗಿರುವುದರಿಂದ ಇಬ್ಬರ ಮಾತಿಗೂ ಸಮಾನ ತೂಕವಿರುತ್ತದೆ.

ಈ ಬೇಡಿಕೆಯ ಬಗ್ಗೆ ಕಾನೂನು ಏನು ಹೇಳುತ್ತದೆ, ಬೆಂಗಳೂರು ಮತ್ತಿತರ ನಗರಗಳಲ್ಲಿ ಏನು ನಡೆದಿದೆ, ಅರ್ಜಿಯನ್ನು ಯಾರಿಗೆ ಮತ್ತು ಹೇಗೆ ಸಲ್ಲಿಸಬೇಕು ಎಂಬುದನ್ನು ಸಾರ್ವಜನಿಕರಿಗೆ ತಿಳಿಸುವುದು ಈ ಲೇಖನದ ಉದ್ದೇಶವಾಗಿರುತ್ತದೆ. ಗದಗ ಜಿಲ್ಲೆಯ ಗಜೇಂದ್ರಗಡ, ರೋಣ ಹಾಗೂ ನರಗುಂದ ಪಟ್ಟಣಗಳ ನಿವಾಸಿಗಳಿಗೂ ಸೂಡಿಯಂತಹ ಗ್ರಾಮಗಳ ನಿವಾಸಿಗಳಿಗೂ ಅನ್ವಯಿಸುವ ಅಂಶಗಳನ್ನು ಕೊನೆಯ ಭಾಗದಲ್ಲಿ ಪ್ರತ್ಯೇಕವಾಗಿ ನೀಡಲಾಗಿದೆ.

ಈ ಲೇಖನವು ಮಾಲೀಕರಿರುವ ಸಾಕುನಾಯಿಗಳಿಗೆ ಮಾತ್ರ ಸಂಬಂಧಿಸಿದೆ. ಬೀದಿನಾಯಿಗಳ ಸಂತಾನ ನಿಯಂತ್ರಣ ಮತ್ತು ಲಸಿಕೆಯ ಕಾರ್ಯವು 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳಂತೆ ನಡೆಯುತ್ತದೆ. ಸರ್ವೋಚ್ಚ ನ್ಯಾಯಾಲಯವು 2025ರ ಆಗಸ್ಟ್ ಮತ್ತು ನವೆಂಬರ್ ತಿಂಗಳುಗಳಲ್ಲಿ ನೀಡಿದ ಆದೇಶಗಳೂ ಬೀದಿನಾಯಿಗಳಿಗೆ ಸಂಬಂಧಿಸಿದವುಗಳಾಗಿವೆ. ಈ ಎರಡು ವಿಷಯಗಳನ್ನು ಒಂದೇ ಅರ್ಜಿಯಲ್ಲಿ ಬೆರೆಸಬಾರದು.

ನಾಯಿಗೆ ಓಡಾಟ ಏಕೆ ಬೇಕು

ಸದಾ ಕಟ್ಟಿಹಾಕಿದ ನಾಯಿ ಬೇಸರದಿಂದ ಬೊಗಳುತ್ತದೆ, ಬಾಗಿಲು ಕೆರೆಯುತ್ತದೆ, ಅಪರಿಚಿತರನ್ನು ಕಂಡರೆ ಕೆರಳುತ್ತದೆ. ಮಹಡಿಯ ಮನೆಗಳಲ್ಲಿ, ಅಂಗಳವಿಲ್ಲದ ಬಾಡಿಗೆ ಮನೆಗಳಲ್ಲಿ ನಾಯಿ ಸಾಕುವವರ ಸಂಖ್ಯೆ ಹೆಚ್ಚಿದಂತೆ ನಾಯಿಗೆ ದೊರೆಯುವ ಬಯಲು ಕಡಿಮೆಯಾಗುತ್ತ ಬಂದಿದೆ. ಹಗ್ಗ ಹಿಡಿದು ನಡೆಸುವ ನಡಿಗೆ ಎಲ್ಲ ನಾಯಿಗಳಿಗೂ ಅವಶ್ಯಕ. ಆದರೆ ಕೆಲವು ತಳಿಗಳಿಗೆ ಅದು ಸಾಲುವುದಿಲ್ಲ.

ಉತ್ತರ ಕರ್ನಾಟಕದ ಓದುಗರಿಗೆ ಇದರ ಸಮೀಪದ ಉದಾಹರಣೆ ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿ. ಉದ್ದ ಕಾಲು, ಕಿರಿದಾದ ನಡು, ಆಳವಾದ ಎದೆಯ ಈ ತಳಿ ಬೇಟೆಗಾಗಿ ಬೆಳೆದುಬಂದದ್ದು. ಇದು ವಾಸನೆಗಿಂತ ಹೆಚ್ಚಾಗಿ ದೃಷ್ಟಿಯ ಬಲದಿಂದ ಬೇಟೆಯನ್ನು ಗುರುತಿಸಿ ಬೆನ್ನಟ್ಟುತ್ತದೆ. 2005ರಲ್ಲಿ ಅಂಚೆ ಇಲಾಖೆಯು ಹೊರತಂದ ಭಾರತೀಯ ಶ್ವಾನ ತಳಿಗಳ ಅಂಚೆಚೀಟಿಗಳಲ್ಲಿ ಈ ತಳಿಗೂ ಸ್ಥಾನ ದೊರೆಯಿತು. ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಸೇರಿದ ಶ್ವಾನ ಸಂಶೋಧನಾ ಕೇಂದ್ರವು ಈ ತಳಿಯ ಸಂರಕ್ಷಣೆಯಲ್ಲಿ ತೊಡಗಿದೆ. ಇಂತಹ ನಾಯಿಯನ್ನು ಪಟ್ಟಣದ ಮನೆಯಲ್ಲಿ ಸಾಕಿದಾಗ ಅದಕ್ಕೆ ಓಡಲು ಸ್ಥಳ ಬೇಕೇ ಬೇಕು. ಆದರೆ ಓಡುವ ವಸ್ತುವನ್ನು ಕಂಡರೆ ಬೆನ್ನಟ್ಟುವುದು ಅದರ ಹುಟ್ಟುಗುಣ. ಉದ್ಯಾನದಲ್ಲಿ ಆ ಓಡುವ ವಸ್ತು ಅಳಿಲಾಗಿರಬಹುದು, ಸೈಕಲ್ಲಾಗಿರಬಹುದು, ಐದು ವರ್ಷದ ಮಗುವೂ ಆಗಿರಬಹುದು. ಹೀಗೆ ನಾಯಿಯ ಅಗತ್ಯವೂ ಜನರ ಆತಂಕವೂ ಒಂದೇ ಗುಣದಿಂದ ಹುಟ್ಟುತ್ತವೆ. ಆದುದರಿಂದ ಎರಡರಲ್ಲಿ ಯಾವುದನ್ನೂ ನಿರಾಧಾರವೆಂದು ತಳ್ಳಿಹಾಕಲು ಬರುವುದಿಲ್ಲ.

ಕಾನೂನಿನ ಸ್ಥಿತಿ

ಅರ್ಜಿದಾರರು ಈ ಕೆಳಕಂಡ ಅಂಶಗಳನ್ನು ಗಮನಿಸುವುದು ಅವಶ್ಯಕ.

1. ಪ್ರಾಣಿ ಹಿಂಸೆ ತಡೆ ಅಧಿನಿಯಮ, 1960: ಈ ಅಧಿನಿಯಮದ 11ನೇ ಪ್ರಕರಣದಂತೆ ನಾಯಿಯನ್ನು ಅಕಾರಣವಾಗಿ ದೀರ್ಘ ಕಾಲ ಗಿಡ್ಡ ಅಥವಾ ಭಾರವಾದ ಸರಪಳಿಯಲ್ಲಿ ಕಟ್ಟಿಹಾಕುವುದು ಅಪರಾಧವಾಗಿರುತ್ತದೆ. ಸದಾ ಕಟ್ಟಿದ ಅಥವಾ ಕೂಡಿಹಾಕಿದ ನಾಯಿಗೆ ತಕ್ಕಷ್ಟು ವ್ಯಾಯಾಮ ಒದಗಿಸದೆ ಮಾಲೀಕನು ನಿರ್ಲಕ್ಷಿಸುವುದೂ ಅದೇ ಪ್ರಕರಣದಲ್ಲಿ ಅಪರಾಧವೆಂದು ಹೇಳಲಾಗಿದೆ. ಮೊದಲ ಅಪರಾಧಕ್ಕೆ ದಂಡದ ಮೊತ್ತ 10ರಿಂದ 50 ರೂಪಾಯಿ ಮಾತ್ರ. ದಂಡ ಅಲ್ಪವಾದರೂ ನಾಯಿಗೆ ವ್ಯಾಯಾಮ ಒದಗಿಸುವುದು ಮಾಲೀಕನ ಕರ್ತವ್ಯವೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಆದರೆ ಆ ವ್ಯಾಯಾಮಕ್ಕೆ ಸಾರ್ವಜನಿಕ ಉದ್ಯಾನವನ್ನೇ ಒದಗಿಸಬೇಕೆಂದು ಅಧಿನಿಯಮವು ಹೇಳುವುದಿಲ್ಲ.

2. ಭಾರತೀಯ ನ್ಯಾಯ ಸಂಹಿತೆ, 2023: 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಈ ಸಂಹಿತೆಯ 291ನೇ ಪ್ರಕರಣದಂತೆ, ತನ್ನ ವಶದಲ್ಲಿರುವ ಪ್ರಾಣಿಯಿಂದ ಮನುಷ್ಯರ ಪ್ರಾಣಕ್ಕೆ ಅಪಾಯ ಅಥವಾ ತೀವ್ರ ಗಾಯ ಆಗದಂತೆ ಸಾಕಷ್ಟು ಎಚ್ಚರ ವಹಿಸದವನಿಗೆ ಆರು ತಿಂಗಳವರೆಗಿನ ಕಾರಾವಾಸ ಅಥವಾ 5,000 ರೂಪಾಯಿವರೆಗಿನ ದಂಡ ಅಥವಾ ಎರಡನ್ನೂ ವಿಧಿಸಬಹುದು. ಹಿಂದಿನ ಭಾರತೀಯ ದಂಡ ಸಂಹಿತೆಯ 289ನೇ ಪ್ರಕರಣದಲ್ಲಿ ದಂಡದ ಮಿತಿ 1,000 ರೂಪಾಯಿ ಆಗಿತ್ತು. ಮುಕ್ತ ವಿಹಾರದ ವೇಳೆ ಜಾರಿಯಲ್ಲಿದೆ ಎಂಬ ಕಾರಣಕ್ಕೆ ಮಾಲೀಕನ ಈ ಹೊಣೆ ತಪ್ಪುವುದಿಲ್ಲ.

3. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ಮಾರ್ಗಸೂಚಿ, 2015: 1962ರಲ್ಲಿ ಸ್ಥಾಪಿತವಾದ ಈ ಮಂಡಳಿಯು ಸಾಕುನಾಯಿಗಳ ಕುರಿತು 2015ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಉದ್ಯಾನಗಳ ವಿಷಯವೂ ಇದೆ. ನಾಯಿಗಳನ್ನು ಉದ್ಯಾನದಿಂದ ಸಂಪೂರ್ಣವಾಗಿ ನಿಷೇಧಿಸುವುದು ದೂರದೃಷ್ಟಿಯ ಕ್ರಮವಲ್ಲವೆಂದೂ, ಚೆನ್ನಾಗಿ ಓಡಾಡಿದ ನಾಯಿ ಕಡಿಮೆ ಬೊಗಳುತ್ತದೆ ಮತ್ತು ಕಡಿಮೆ ಕೆರಳುತ್ತದೆ ಎಂದೂ, ಇತರ ನಿವಾಸಿಗಳಿಗೆ ತೊಂದರೆಯಾಗದಂತೆ ವೇಳೆಯನ್ನು ಗೊತ್ತುಪಡಿಸುವುದು ಉತ್ತಮ ಪರಿಹಾರವೆಂದೂ ಅದರ ಅಭಿಪ್ರಾಯವಾಗಿರುತ್ತದೆ. ಅದೇ ಮಾರ್ಗಸೂಚಿಯು ಸಾರ್ವಜನಿಕ ಸ್ಥಳದಲ್ಲಿ ನಾಯಿಗೆ ಹಗ್ಗವಿರಬೇಕೆಂದೂ ಸಲಹೆ ನೀಡುತ್ತದೆ. ಆದುದರಿಂದ ಅದು ಹೇಳುವ ವೇಳೆ ಹಗ್ಗ ಹಿಡಿದು ನಡೆಸುವ ವೇಳೆಯೇ ಹೊರತು ಹಗ್ಗ ಬಿಚ್ಚುವ ವೇಳೆಯಲ್ಲ. ಈ ವ್ಯತ್ಯಾಸವನ್ನು ಅನೇಕ ಅರ್ಜಿದಾರರು ಗಮನಿಸುವುದಿಲ್ಲ.

4. ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳು, 2023: ಸಾಕುಪ್ರಾಣಿಗೆ ಜಂತುಹುಳು ನಿವಾರಣಾ ಔಷಧಿ, ಲಸಿಕೆ ಹಾಗೂ ಸಂತಾನಹರಣ ಚಿಕಿತ್ಸೆ ಮಾಡಿಸುವ ಹೊಣೆ ಅದರ ಮಾಲೀಕನದಾಗಿರುತ್ತದೆ.

5. ಉದ್ಯಾನಗಳಿಗೆ ಸಂಬಂಧಿಸಿದ ರಾಜ್ಯದ ಕಾನೂನುಗಳು: 1975ರ ಕರ್ನಾಟಕ ಸರ್ಕಾರಿ ಉದ್ಯಾನಗಳ (ಸಂರಕ್ಷಣೆ) ಅಧಿನಿಯಮ ಮತ್ತು 1985ರ ಕರ್ನಾಟಕ ಉದ್ಯಾನ, ಆಟದ ಮೈದಾನ ಹಾಗೂ ಬಯಲು ಸ್ಥಳಗಳ ಅಧಿನಿಯಮಗಳು ಉದ್ಯಾನದ ಜಾಗವು ಬೇರೆ ಉದ್ದೇಶಕ್ಕೆ ಬಳಕೆಯಾಗದಂತೆ ಕಾಪಾಡುತ್ತವೆ.

ಒಟ್ಟಾರೆಯಾಗಿ, ಮುಕ್ತ ವಿಹಾರದ ವೇಳೆಯು ನಾಗರಿಕನು ಹಕ್ಕಿನಿಂದ ಪಡೆಯಬಹುದಾದ ಸೇವೆಯಲ್ಲ. ಉದ್ಯಾನದ ಉಸ್ತುವಾರಿ ಹೊಂದಿರುವ ಪ್ರಾಧಿಕಾರವು ಎಲ್ಲ ಬಳಕೆದಾರರ ಹಿತವನ್ನು ಪರಿಶೀಲಿಸಿ ನೀಡಬಹುದಾದ ಅಥವಾ ನಿರಾಕರಿಸಬಹುದಾದ ವ್ಯವಸ್ಥೆಯಾಗಿರುತ್ತದೆ. ಈ ಕಾರಣದಿಂದಲೇ ಸಾರ್ವಜನಿಕ ಬೆಂಬಲಕ್ಕೆ ಇಲ್ಲಿ ಹೆಚ್ಚಿನ ಮಹತ್ವವಿದೆ.

ಬೆಂಗಳೂರಿನ ಕಬ್ಬನ್ ಉದ್ಯಾನದ ಅನುಭವ

ಬೆಂಗಳೂರಿನ ಕಬ್ಬನ್ ಉದ್ಯಾನವು 1870ರಲ್ಲಿ ರಿಚರ್ಡ್ ಸ್ಯಾಂಕಿ ಅವರ ಯೋಜನೆಯಂತೆ ರೂಪುಗೊಂಡಿತು. 1927ರಲ್ಲಿ ಇದಕ್ಕೆ ಶ್ರೀ ಚಾಮರಾಜೇಂದ್ರ ಉದ್ಯಾನವೆಂದು ನಾಮಕರಣ ಮಾಡಲಾಯಿತು. ಸುಮಾರು 100 ಎಕರೆಯಿಂದ ಆರಂಭವಾದ ಈ ಉದ್ಯಾನವು ಕ್ರಮೇಣ ಸುಮಾರು 300 ಎಕರೆಗೆ ವಿಸ್ತರಿಸಿತು. ಇದು ತೋಟಗಾರಿಕೆ ಇಲಾಖೆಯ ಉಸ್ತುವಾರಿಯಲ್ಲಿರುತ್ತದೆ. ಭಾನುವಾರ ಬೆಳಿಗ್ಗೆ ನಾಯಿಗಳನ್ನು ಕರೆತಂದು ಒಟ್ಟುಗೂಡುವ ಪದ್ಧತಿ ಇಲ್ಲಿ ಹಲವು ವರ್ಷಗಳಿಂದ ಬೆಳೆದುಬಂದಿತು. ಮುಂದೆ ಉದ್ಯಾನದೊಳಗೆ ನಾಯಿಗಳಿಗಾಗಿಯೇ ಬೇಲಿ ಹಾಕಿದ ಪ್ರತ್ಯೇಕ ಅಂಗಳವೂ ಏರ್ಪಟ್ಟಿತು. ಅಂಗಳದೊಳಗೆ ಹಗ್ಗ ಬಿಚ್ಚಬಹುದು, ಹೊರಗೆ ಹಗ್ಗ ಇರಲೇಬೇಕು ಎಂಬುದು ಇಂತಹ ವ್ಯವಸ್ಥೆಯ ಮೂಲ ತತ್ವ.

2022ರ ಜೂನ್ ತಿಂಗಳಲ್ಲಿ ತೋಟಗಾರಿಕೆ ಇಲಾಖೆಯು ಜುಲೈ 1ರಿಂದ ಉದ್ಯಾನಕ್ಕೆ ಸಾಕುನಾಯಿಗಳ ಪ್ರವೇಶವನ್ನು ನಿಷೇಧಿಸುವ ನಿರ್ಧಾರವನ್ನು ಪ್ರಕಟಿಸಿತು. ಇದಕ್ಕೆ ನೀಡಲಾದ ಕಾರಣಗಳು ಮುಖ್ಯವಾಗಿ ಎರಡು. ಮೊದಲನೆಯದು, ಕೆಲವು ಮಾಲೀಕರು ಅಂಗಳದ ಹೊರಗೂ ನಾಯಿಗಳನ್ನು ಹಗ್ಗವಿಲ್ಲದೆ ಬಿಡುತ್ತಿದ್ದುದು. ಎರಡನೆಯದು, ನಾಯಿಯ ಮಲವನ್ನು ಎತ್ತದೆ ಹೋಗುತ್ತಿದ್ದುದು. ನಡಿಗೆಗೆ ಬರುವವರಿಂದ ಈ ಬಗ್ಗೆ ದೂರುಗಳು ಬಂದಿದ್ದವು. ನಿರ್ಧಾರ ಪ್ರಕಟವಾದ ಕೂಡಲೇ ನಾಯಿ ಸಾಕಿದವರು ಹಾಗೂ ಪ್ರಾಣಿ ಕಲ್ಯಾಣ ಕಾರ್ಯಕರ್ತರು ಆಕ್ಷೇಪಿಸಿದರು. ಕೆಲವರ ತಪ್ಪಿಗೆ ಎಲ್ಲರನ್ನೂ ಹೊರಗಿಡಬಾರದು, ತಪ್ಪು ಮಾಡಿದವರಿಗೆ ದಂಡ ವಿಧಿಸಬೇಕು ಎಂಬುದು ಅವರ ವಾದವಾಗಿತ್ತು. ನಿಷೇಧವನ್ನು ಬೆಂಬಲಿಸಿದ ನಡಿಗೆದಾರರೂ ತಮ್ಮ ಅಭಿಪ್ರಾಯವನ್ನು ಮುಂದಿಟ್ಟರು. ಅಂತಿಮವಾಗಿ ಸದರಿ ನಿಷೇಧವನ್ನು ತಡೆಹಿಡಿಯಲಾಯಿತು.

ಈ ಪ್ರಸಂಗದಲ್ಲಿ ಅರ್ಜಿದಾರರು ಗಮನಿಸಬೇಕಾದುದೇನೆಂದರೆ, ದೂರು ಬಂದದ್ದು ಬೇಲಿಯೊಳಗೆ ಹಗ್ಗ ಬಿಚ್ಚಿದ್ದಕ್ಕಲ್ಲ, ಬೇಲಿಯ ಹೊರಗೆ ನಿಯಮ ಪಾಲಿಸದೆ ಹೋದದ್ದಕ್ಕೆ. ಹಲವರು ವರ್ಷಗಳ ಕಾಲ ಶಿಸ್ತಿನಿಂದ ಗಳಿಸಿದ ಸೌಲಭ್ಯವು ಕೆಲವರ ಅಲಕ್ಷ್ಯದಿಂದ ಕೈತಪ್ಪುವ ಹಂತಕ್ಕೆ ಬಂದಿತು. ಸಾರ್ವಜನಿಕ ಬೆಂಬಲವನ್ನು ಒಮ್ಮೆ ಸಹಿ ಸಂಗ್ರಹಿಸಿ ಪಡೆದುಕೊಂಡರೆ ಸಾಲದು. ಪ್ರತಿದಿನದ ನಡವಳಿಕೆಯಿಂದ ಅದನ್ನು ಉಳಿಸಿಕೊಳ್ಳಬೇಕಾಗುತ್ತದೆ.

ಎಲ್ಲರ ಮಾತು ಕೇಳದ ನಿರ್ಧಾರ ನಿಲ್ಲುವುದಿಲ್ಲ

ಈ ತತ್ವಕ್ಕೆ ಮತ್ತೊಂದು ನಿದರ್ಶನ ರಾಜ್ಯದ ಉಚ್ಚ ನ್ಯಾಯಾಲಯದ ತೀರ್ಪಿನಲ್ಲಿದೆ. ಕೇಂದ್ರ ಸರ್ಕಾರದ ಪಶುಸಂಗೋಪನಾ ಇಲಾಖೆಯು 2024ರ ಮಾರ್ಚ್‌ನಲ್ಲಿ ಹೊರಡಿಸಿದ ಸುತ್ತೋಲೆಯಲ್ಲಿ, ಅಪಾಯಕಾರಿಯೆಂದು ಹೇಳಲಾದ 23 ನಾಯಿ ತಳಿಗಳ ಸಾಕಣೆಗೆ ಪರವಾನಗಿ ನೀಡಬಾರದೆಂದು ರಾಜ್ಯಗಳಿಗೆ ತಿಳಿಸಲಾಗಿತ್ತು. ಕರ್ನಾಟಕ ಉಚ್ಚ ನ್ಯಾಯಾಲಯವು 2024ರ ಏಪ್ರಿಲ್‌ನಲ್ಲಿ ಈ ಸುತ್ತೋಲೆಯನ್ನು ರದ್ದುಪಡಿಸಿತು. ಸಂಬಂಧಪಟ್ಟವರ ಅಹವಾಲನ್ನು ಆಲಿಸದೆ ಸುತ್ತೋಲೆ ಹೊರಡಿಸಿದ್ದು ಅದಕ್ಕೆ ಒಂದು ಮುಖ್ಯ ಕಾರಣವಾಗಿತ್ತು.

ಇದು ತಳಿ ನಿಷೇಧದ ಪ್ರಕರಣವಾದರೂ ಉದ್ಯಾನದ ವೇಳೆಗೂ ಇದರಿಂದ ಪಾಠವಿದೆ. ನಾಯಿ ಸಾಕಿದವರನ್ನು ಕೇಳದೆ ಮಾಡಿದ ನಿಷೇಧವು ಹೇಗೆ ದುರ್ಬಲವೋ, ನಾಯಿ ಸಾಕದವರನ್ನು ಕೇಳದೆ ನೀಡಿದ ಅನುಮತಿಯೂ ಹಾಗೆಯೇ ದುರ್ಬಲವಾಗಿರುತ್ತದೆ.

ಹೊರನಾಡಿನ ಎರಡು ಉದಾಹರಣೆಗಳು

ವೇಳೆ ನಿಗದಿಪಡಿಸುವ ಪದ್ಧತಿಗೆ ಹೆಚ್ಚಾಗಿ ಉಲ್ಲೇಖಿಸಲಾಗುವ ನಗರ ಅಮೆರಿಕದ ನ್ಯೂಯಾರ್ಕ್. ಅಲ್ಲಿನ ಆರೋಗ್ಯ ಸಂಹಿತೆಯಂತೆ ಸಾರ್ವಜನಿಕ ಸ್ಥಳದಲ್ಲಿ ನಾಯಿಗೆ ಹಗ್ಗ ಕಡ್ಡಾಯ. ಆದರೂ ಉದ್ಯಾನ ತೆರೆದ ಸಮಯದಿಂದ ಬೆಳಿಗ್ಗೆ 9 ಗಂಟೆಯವರೆಗೆ ಮತ್ತು ರಾತ್ರಿ 9 ಗಂಟೆಯಿಂದ ಉದ್ಯಾನ ಮುಚ್ಚುವವರೆಗೆ ಗೊತ್ತಾದ ಜಾಗಗಳಲ್ಲಿ ಹಗ್ಗ ಬಿಚ್ಚಲು ಸುಮಾರು ಎರಡು ದಶಕಗಳ ಕಾಲ ರೂಢಿಯ ಬಲದಿಂದ ಅವಕಾಶ ನೀಡಲಾಗಿತ್ತು. 2006ರಲ್ಲಿ ಕ್ವೀನ್ಸ್ ಭಾಗದ ನಾಗರಿಕ ಸಂಘವೊಂದು ಈ ರೂಢಿಯನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಿತು. ನ್ಯಾಯಾಲಯವು ನಗರಾಡಳಿತದ ಪರವಾಗಿ ತೀರ್ಪಿತ್ತಿತು. ಆ ಬಳಿಕ ಆರೋಗ್ಯ ಸಂಹಿತೆಗೆ ತಿದ್ದುಪಡಿ ತಂದು 2007ರಲ್ಲಿ ಈ ವೇಳೆಯನ್ನು ಉದ್ಯಾನ ನಿಯಮದಲ್ಲಿ ಸೇರಿಸಲಾಯಿತು. ಪರವಾನಗಿ ಹಾಗೂ ರೇಬೀಸ್ ಲಸಿಕೆಯ ದಾಖಲೆ ಮಾಲೀಕರ ಬಳಿ ಇರಬೇಕೆಂಬುದು ಅದರ ಷರತ್ತು. ಬಾಯಿಮಾತಿನ ರೂಢಿಯು ದೂರು ಬಂದಾಗ ರಕ್ಷಣೆ ನೀಡುವುದಿಲ್ಲ, ಲಿಖಿತ ನಿಯಮ ಅವಶ್ಯಕ ಎಂಬುದು ಇಲ್ಲಿನ ಪಾಠ.

ಇನ್ನೊಂದು ಪದ್ಧತಿಯೆಂದರೆ ವೇಳೆಯ ಬದಲು ಸ್ಥಳವನ್ನೇ ಬೇರ್ಪಡಿಸುವುದು. ನೆರೆಯ ತೆಲಂಗಾಣದ ಹೈದರಾಬಾದಿನಲ್ಲಿ ಅಲ್ಲಿನ ಮಹಾನಗರ ಪಾಲಿಕೆಯು ಕೊಂಡಾಪುರದಲ್ಲಿ ಸುಮಾರು 1.3 ಎಕರೆ ಜಾಗದಲ್ಲಿ ನಾಯಿಗಳಿಗೆಂದೇ ಉದ್ಯಾನವನ್ನು ನಿರ್ಮಿಸಿ 2018ರಲ್ಲಿ ತೆರೆಯಿತು.

ವೇಳೆಯೋ, ಸ್ಥಳವೋ

ನ್ಯೂಯಾರ್ಕಿನ ವೇಳೆಯನ್ನು ನಮ್ಮ ಊರುಗಳಿಗೆ ಇದ್ದಂತೆಯೇ ತಂದರೆ ಅದು ಹೊಂದುವುದಿಲ್ಲ. ನಮ್ಮ ಉದ್ಯಾನಗಳಲ್ಲಿ ಬೆಳಗಿನ ಜಾವದಿಂದ ಬಿಸಿಲೇರುವವರೆಗಿನ ಸಮಯವೇ ಅತಿ ಹೆಚ್ಚು ಜನಸಂದಣಿಯ ಸಮಯ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರು ವೈದ್ಯರ ಸಲಹೆಯಂತೆ ನಡೆಯುವುದು ಆಗಲೇ. ಯೋಗಾಭ್ಯಾಸ ನಡೆಯುವುದೂ ಆಗಲೇ. ಸಂಜೆ 5ರಿಂದ 7ರವರೆಗೆ ಮಕ್ಕಳ ಕಾಲ. ಮಧ್ಯಾಹ್ನ ಉದ್ಯಾನ ಖಾಲಿಯಿದ್ದರೂ ಗದಗ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಬಿಸಿಲಿನಲ್ಲಿ ನಾಯಿಯನ್ನು ಓಡಿಸುವುದು ಅದರ ಪ್ರಾಣಕ್ಕೇ ಅಪಾಯ. ನಾಯಿಗೆ ಮೈಯೆಲ್ಲ ಬೆವರಿ ತಂಪಾಗುವ ಅನುಕೂಲವಿಲ್ಲ. ಅದು ಮುಖ್ಯವಾಗಿ ತೇಕುವ ಮೂಲಕ ಮೈಬಿಸಿಯನ್ನು ಇಳಿಸಿಕೊಳ್ಳುತ್ತದೆ.

ಹೀಗೆ ಮುಂಜಾನೆ, ಮಧ್ಯಾಹ್ನ, ಸಂಜೆ ಮೂರೂ ಕಷ್ಟವಾದಾಗ ಉಳಿಯುವ ವೇಳೆ ಬಹು ಕಡಿಮೆ. ಆದುದರಿಂದ ದೊಡ್ಡ ಉದ್ಯಾನಗಳಲ್ಲಿ ಬೇಲಿ ಹಾಕಿದ ಮೂಲೆಯೊಂದನ್ನು ಕೇಳುವುದು, ಚಿಕ್ಕ ಉದ್ಯಾನಗಳಲ್ಲಿ ಹಗ್ಗ ಹಿಡಿದು ನಡೆಸುವ ವೇಳೆಯನ್ನು ಮಾತ್ರ ಕೇಳುವುದು ಹೆಚ್ಚು ಪ್ರಾಯೋಗಿಕವಾಗಿರುತ್ತದೆ. ಬೇಲಿಯಿಲ್ಲದ ಚಿಕ್ಕ ಉದ್ಯಾನದಲ್ಲಿ ಹಗ್ಗ ಬಿಚ್ಚುವ ವೇಳೆಯನ್ನು ಕೇಳುವ ಅರ್ಜಿಗೆ ಬೆಂಬಲ ದೊರೆಯುವುದು ಕಷ್ಟ.

ಆರೋಗ್ಯದ ದೃಷ್ಟಿಯಿಂದ ಗಮನಿಸಬೇಕಾದ ಅಂಶಗಳು

ರೇಬೀಸ್ ಅಥವಾ ಹುಚ್ಚುನಾಯಿ ರೋಗದ ಲಕ್ಷಣಗಳು ಮನುಷ್ಯನಲ್ಲಿ ಒಮ್ಮೆ ಕಾಣಿಸಿಕೊಂಡರೆ ಬದುಕುಳಿಯುವುದು ಅತಿ ವಿರಳ. ಆದರೆ ಸಕಾಲದಲ್ಲಿ ಲಸಿಕೆ ಪಡೆದರೆ ರೋಗವನ್ನು ತಡೆಯಬಹುದು. ನಾಯಿ ಕಡಿದರೆ ಅಥವಾ ಪರಚಿದರೆ ಗಾಯವನ್ನು ಕೂಡಲೇ ಹರಿಯುವ ನೀರು ಮತ್ತು ಸಾಬೂನಿನಿಂದ 15 ನಿಮಿಷ ತೊಳೆದು, ತಡಮಾಡದೆ ಹತ್ತಿರದ ಸರ್ಕಾರಿ ಆಸ್ಪತ್ರೆ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗತಕ್ಕದ್ದು. ಗಾಯಕ್ಕೆ ಅರಿಶಿನ, ಸುಣ್ಣ, ಖಾರದಪುಡಿ ಹಚ್ಚಬಾರದು. ಸಾಕಿದ ನಾಯಿಯೇ ಕಡಿದಿದ್ದರೂ ವೈದ್ಯರ ಸಲಹೆ ಪಡೆಯುವುದನ್ನು ಬಿಡಬಾರದು.

ನಾಯಿಯ ಮಲದಲ್ಲಿರುವ ಜಂತುಹುಳುವಿನ ಮೊಟ್ಟೆಗಳು ಮಣ್ಣಿನಲ್ಲಿ ಬಹುಕಾಲ ಉಳಿಯುತ್ತವೆ. ಮಣ್ಣಿನಲ್ಲಿ ಆಡಿ ಕೈ ಬಾಯಿಗೆ ಹಾಕುವ ಚಿಕ್ಕ ಮಕ್ಕಳಿಗೆ ಅವುಗಳಿಂದ ಸೋಂಕು ತಗಲಬಹುದು. ಮಲ ಎತ್ತುವ ನಿಯಮವು ಕೇವಲ ಅಂದಚೆಂದದ ವಿಷಯವಲ್ಲವೆಂಬುದನ್ನು ನಾಯಿ ಸಾಕಿದವರು ಅರಿಯಬೇಕು.

ಅರ್ಜಿಯನ್ನು ಯಾರಿಗೆ ಸಲ್ಲಿಸಬೇಕು

ಮೊದಲು ಉದ್ಯಾನವು ಯಾರ ಉಸ್ತುವಾರಿಯಲ್ಲಿದೆ ಎಂಬುದನ್ನು ತಿಳಿದುಕೊಳ್ಳಬೇಕು.

1. ತೋಟಗಾರಿಕೆ ಇಲಾಖೆಯ ಉದ್ಯಾನವಾದಲ್ಲಿ ಆ ಉದ್ಯಾನದ ಉಸ್ತುವಾರಿ ಅಧಿಕಾರಿಗೆ.
2. ಮಹಾನಗರ ಪಾಲಿಕೆಯ ಉದ್ಯಾನವಾದಲ್ಲಿ ಪಾಲಿಕೆಯ ಆಯುಕ್ತರಿಗೆ. ಬೆಂಗಳೂರಿನಲ್ಲಿ 2025ರ ಸೆಪ್ಟೆಂಬರ್‌ನಿಂದ ಹಿಂದಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಸ್ಥಾನದಲ್ಲಿ ಐದು ನಗರ ಪಾಲಿಕೆಗಳು ರಚನೆಯಾಗಿರುವುದರಿಂದ, ಉದ್ಯಾನವು ಯಾವ ಪಾಲಿಕೆಯ ವ್ಯಾಪ್ತಿಗೆ ಬರುತ್ತದೆ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು.
3. ಪುರಸಭೆಯ ಉದ್ಯಾನವಾದಲ್ಲಿ ಪುರಸಭೆಯ ಮುಖ್ಯಾಧಿಕಾರಿಗೆ.
4. ಗ್ರಾಮ ಪಂಚಾಯಿತಿಯ ಸ್ವತ್ತಾದಲ್ಲಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ.

ಉಸ್ತುವಾರಿಯ ಬಗ್ಗೆ ಸಂದೇಹವಿದ್ದಲ್ಲಿ ಮಾಹಿತಿ ಹಕ್ಕು ಅಧಿನಿಯಮ, 2005ರ ಮೂಲಕ ಕೇಳಬಹುದು. ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ನೀಡಬೇಕಾಗಿರುತ್ತದೆ. ಸ್ಥಳೀಯ ಸಂಸ್ಥೆಯು ಈ ಕುರಿತು ಉಪವಿಧಿಯನ್ನು ರಚಿಸುವುದಾದರೆ ಅದರ ಕರಡನ್ನು ಪ್ರಕಟಿಸಿ ಸಲಹೆ ಮತ್ತು ಆಕ್ಷೇಪಣೆಗಳನ್ನು ಆಹ್ವಾನಿಸಬೇಕಾಗುತ್ತದೆ. ಪರವಾಗಿರುವವರೂ ವಿರೋಧವಾಗಿರುವವರೂ ಆ ಅವಧಿಯಲ್ಲಿಯೇ ಲಿಖಿತವಾಗಿ ಅಭಿಪ್ರಾಯ ಸಲ್ಲಿಸುವುದು ಸೂಕ್ತ.

ಅರ್ಜಿಯಲ್ಲಿ ಇರಬೇಕಾದ ವಿವರಗಳು

ಈ ಉದ್ದೇಶಕ್ಕೆ ನಿಗದಿತ ನಮೂನೆಯಿಲ್ಲದ ಕಡೆ ಬಿಳಿ ಹಾಳೆಯಲ್ಲಿ ಅರ್ಜಿ ಬರೆಯಬಹುದು. ಈ ಕೆಳಕಂಡ ವಿವರಗಳಿದ್ದಲ್ಲಿ ಪರಿಶೀಲನೆ ಸುಲಭವಾಗುತ್ತದೆ.

1. ಉದ್ಯಾನದ ಹೆಸರು, ವಾರ್ಡು, ಅಂದಾಜು ವಿಸ್ತೀರ್ಣ, ಬೇಲಿ ಅಥವಾ ಗೋಡೆಯ ಸ್ಥಿತಿ.
2. ಕೇಳುತ್ತಿರುವುದು ವೇಳೆಯೋ, ಪ್ರತ್ಯೇಕ ಸ್ಥಳವೋ. ಹಗ್ಗ ಬಿಚ್ಚಲೋ, ಹಗ್ಗ ಹಿಡಿದು ನಡೆಸಲೋ ಎಂಬುದರ ಸ್ಪಷ್ಟ ಉಲ್ಲೇಖ.
3. ಕೈನಕ್ಷೆ. ಮಕ್ಕಳ ಆಟದ ಜಾಗ, ನಡಿಗೆ ಪಥ, ದ್ವಾರಗಳು ಹಾಗೂ ಕೋರಿದ ಜಾಗವನ್ನು ಅದರಲ್ಲಿ ಗುರುತಿಸಬೇಕು.
4. ಒಂದು ವಾರದ ಕಾಲ ಬೇರೆ ಬೇರೆ ವೇಳೆಯಲ್ಲಿ ಉದ್ಯಾನಕ್ಕೆ ಬರುವವರ ಎಣಿಕೆ.
5. ನಾಯಿಗಳ ಸಂಖ್ಯೆ, ರೇಬೀಸ್ ಲಸಿಕೆಯ ಪ್ರಮಾಣಪತ್ರಗಳ ಪ್ರತಿ, ಪರವಾನಗಿ ಜಾರಿಯಲ್ಲಿರುವ ಕಡೆ ಅದರ ಪ್ರತಿ.
6. ಮಲ ವಿಲೇವಾರಿ, ನೀರು ಹಾಗೂ ಬೇಲಿಯ ದುರಸ್ತಿಯ ಹೊಣೆ ಯಾರದು ಎಂಬ ಲಿಖಿತ ಒಪ್ಪಿಗೆ.
7. ಬೆಂಬಲ ಹಾಗೂ ಆಕ್ಷೇಪಣೆಗಳ ಪಟ್ಟಿ.

ಸಾರ್ವಜನಿಕ ಬೆಂಬಲವನ್ನು ತೋರಿಸುವ ಬಗೆ

ನಾಯಿ ಸಾಕಿದ ನೂರು ಜನರ ಸಹಿಯಿಂದ ನಾಯಿ ಸಾಕಿದವರು ಸೌಲಭ್ಯ ಬಯಸುತ್ತಾರೆಂಬುದು ಮಾತ್ರ ತಿಳಿಯುತ್ತದೆ. ಅದು ಮೊದಲೇ ತಿಳಿದ ಸಂಗತಿ. ನಾಯಿಯನ್ನು ಸಾಕದ ಇಪ್ಪತ್ತು ನಡಿಗೆದಾರರು "ಈ ಜಾಗದಲ್ಲಿ, ಈ ವೇಳೆಯಲ್ಲಿ, ಈ ಷರತ್ತಿನ ಮೇಲೆ ನಮ್ಮ ಅಭ್ಯಂತರವಿಲ್ಲ" ಎಂದು ಬರೆದುಕೊಟ್ಟರೆ ಅದರಿಂದ ಹೆಚ್ಚಿನದು ತಿಳಿಯುತ್ತದೆ. ಆದುದರಿಂದ ಸಹಿಗಳನ್ನು ಎರಡು ಪಟ್ಟಿಯಾಗಿ, ಸಾಕಿದವರು ಮತ್ತು ಸಾಕದವರು ಎಂದು ಬೇರ್ಪಡಿಸುವುದು ಉಚಿತ.

ಆಕ್ಷೇಪಿಸುವವರಲ್ಲಿ ಕೆಲವರು ಹಿಂದೆ ನಾಯಿ ಕಡಿತಕ್ಕೆ ಒಳಗಾದವರಿರಬಹುದು. ದೃಷ್ಟಿದೋಷವುಳ್ಳವರು, ಊರುಗೋಲಿನ ಸಹಾಯದಿಂದ ನಡೆಯುವವರು ಇರಬಹುದು. ಅಂತಹವರಿಗೆ ನಾಯಿ ಕಚ್ಚುವ ಅಗತ್ಯವೇ ಇಲ್ಲ, ಪ್ರೀತಿಯಿಂದ ಮೈಮೇಲೆ ಹಾರಿದರೂ ಬಿದ್ದು ಮೂಳೆ ಮುರಿಯಬಹುದು. "ನಮ್ಮ ನಾಯಿ ಏನೂ ಮಾಡುವುದಿಲ್ಲ" ಎಂಬ ಭರವಸೆಯು ಅವರ ಆಕ್ಷೇಪಣೆಗೆ ಉತ್ತರವಾಗುವುದಿಲ್ಲ. ಬೇಲಿ, ಎರಡು ಬಾಗಿಲಿನ ದ್ವಾರ ಮತ್ತು ಸ್ಪಷ್ಟ ಫಲಕ ಇವು ಉತ್ತರವಾಗುತ್ತವೆ. ಉದ್ಯಾನದ ಕಾವಲುಗಾರರು ಮತ್ತು ಪೌರಕಾರ್ಮಿಕರ ಅಭಿಪ್ರಾಯವನ್ನೂ ಪಡೆಯತಕ್ಕದ್ದು. ಯಾರೂ ಎತ್ತದೆ ಬಿಟ್ಟ ಮಲವನ್ನು ಕೊನೆಗೆ ಎತ್ತಬೇಕಾದವರು ಅವರೇ ಆಗಿರುತ್ತಾರೆ.

ಅನುಮತಿಯನ್ನು ಮೊದಲು ಮೂರು ತಿಂಗಳ ಪ್ರಾಯೋಗಿಕ ಅವಧಿಗೆ ಕೋರುವುದು ಒಳ್ಳೆಯದು. ಆ ಅವಧಿಯಲ್ಲಿ ದ್ವಾರದಲ್ಲಿ ದೂರು ಪುಸ್ತಕವನ್ನಿರಿಸಿ, ಬಂದ ದೂರು ಹಾಗೂ ಕೈಗೊಂಡ ಕ್ರಮವನ್ನು ದಾಖಲಿಸಿದಲ್ಲಿ ಮುಂದಿನ ತೀರ್ಮಾನಕ್ಕೆ ಆಧಾರ ಸಿಗುತ್ತದೆ.

ಸೂಡಿ ಹಾಗೂ ಸುತ್ತಲಿನ ಗ್ರಾಮಗಳಿಗೆ ಸಂಬಂಧಿಸಿದಂತೆ

ಗಜೇಂದ್ರಗಡ ತಾಲ್ಲೂಕಿನ ಸೂಡಿ ಐತಿಹಾಸಿಕ ಗ್ರಾಮ. ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಅಕ್ಕಾದೇವಿಯ ಆಳ್ವಿಕೆಗೆ ಸಂಬಂಧಪಟ್ಟ ಈ ಊರಿನಲ್ಲಿ ಜೋಡು ಕಳಸದ ಗುಡಿ, ಮಲ್ಲಿಕಾರ್ಜುನ ಗುಡಿ ಹಾಗೂ ನಾಗಕುಂಡವೆಂಬ ಮೆಟ್ಟಿಲುಬಾವಿ ಇವೆ. ಇಂತಹ ಗ್ರಾಮಗಳಲ್ಲಿ ಪ್ರಶ್ನೆ ಬೇರೆ ರೂಪದಲ್ಲಿರುತ್ತದೆ. ಇಲ್ಲಿ ನಾಯಿಗೆ ಬಯಲಿನ ಕೊರತೆಯಿಲ್ಲ. ಆದರೆ ಆ ಬಯಲಿನಲ್ಲಿ ಕುರಿಹಿಂಡುಗಳಿರುತ್ತವೆ, ಬೆಳೆಯಿರುತ್ತದೆ, ಶಾಲೆಗೆ ನಡೆದುಹೋಗುವ ಮಕ್ಕಳಿರುತ್ತಾರೆ.

1. ಪ್ರಾಚೀನ ಗುಡಿಗಳ ಹಾಗೂ ಬಾವಿಯ ಆವರಣವನ್ನು ಉದ್ಯಾನವೆಂದು ಭಾವಿಸಿ ನಾಯಿಗಳನ್ನು ಬಿಡಬಾರದು. ಆಳವಾದ ಬಾವಿಯ ಬಳಿ ಓಡುವ ನಾಯಿಗೂ ಅದರ ಹಿಂದೆ ಓಡುವ ಮಗುವಿಗೂ ಅಪಾಯವಿರುತ್ತದೆ.
2. ಬೇಟೆ ತಳಿಯ ನಾಯಿಗಳನ್ನು ಕುರಿಹಿಂಡು ತಂಗಿರುವ ಹೊಲದ ಸಮೀಪ ಬಿಡಬಾರದು. ಒಂದು ಮರಿ ಸತ್ತರೂ ಕುರಿಗಾರನ ಕುಟುಂಬಕ್ಕೆ ಅದು ಆದಾಯದ ನಷ್ಟ. ಹಿಂಡಿನ ಕಾವಲು ನಾಯಿಗಳೊಂದಿಗೆ ಕಾದಾಟವೂ ಆಗಬಹುದು.
3. ಸುಗ್ಗಿ ಮುಗಿದು ಖಾಲಿಯಾದ ಹೊಲದಲ್ಲಿ ನಾಯಿಯನ್ನು ಓಡಿಸುವುದಾದರೆ ಹೊಲದ ಮಾಲೀಕನ ಒಪ್ಪಿಗೆ ಪಡೆದಿರಬೇಕು.
4. ಗ್ರಾಮದ ಸಾರ್ವಜನಿಕ ಬಯಲಿನ ಬಳಕೆಯ ಬಗ್ಗೆ ಗ್ರಾಮಸಭೆಯಲ್ಲಿ ಪ್ರಸ್ತಾಪಿಸಬಹುದು. 1993ರ ಪಂಚಾಯತ್ ರಾಜ್ ಅಧಿನಿಯಮದಂತೆ ಗ್ರಾಮಸಭೆಯು ಆರು ತಿಂಗಳಿಗೊಮ್ಮೆಯಾದರೂ ಸೇರಬೇಕಾಗಿರುತ್ತದೆ. ಎಲ್ಲರ ಎದುರು ಮಾತನಾಡಿ ಒಪ್ಪಿಗೆ ಪಡೆಯಲು ಇದಕ್ಕಿಂತ ಸೂಕ್ತ ಸ್ಥಳವಿಲ್ಲ.

ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಉದ್ಯಾನದ ಫಲಕದಲ್ಲಿ ನಾಯಿಗಳ ಬಗ್ಗೆ ಏನೂ ಬರೆದಿಲ್ಲ. ಹಗ್ಗ ಬಿಚ್ಚಬಹುದೇ?
ಉತ್ತರ: ಬಿಚ್ಚಬಾರದು. ಲಿಖಿತ ಅನುಮತಿ ಇರುವ ಸ್ಥಳ ಮತ್ತು ವೇಳೆಯನ್ನು ಹೊರತುಪಡಿಸಿ ಸಾರ್ವಜನಿಕ ಸ್ಥಳದಲ್ಲಿ ನಾಯಿಗೆ ಹಗ್ಗವಿರುವುದೇ ಸುರಕ್ಷಿತ ಕ್ರಮ.

ಪ್ರಶ್ನೆ: ಮುಕ್ತ ವಿಹಾರದ ಅಂಗಳಕ್ಕೆ ಮರಿನಾಯಿಯನ್ನು ಕರೆದೊಯ್ಯಬಹುದೇ?
ಉತ್ತರ: ಲಸಿಕೆಗಳು ಪೂರ್ಣಗೊಳ್ಳುವ ಮುನ್ನ ಕರೆದೊಯ್ಯಬಾರದು. ರೇಬೀಸ್ ಲಸಿಕೆಯನ್ನು ಸಾಮಾನ್ಯವಾಗಿ ಮೂರು ತಿಂಗಳ ವಯಸ್ಸಿನಲ್ಲಿ ಆರಂಭಿಸಿ, ಪಶುವೈದ್ಯರು ತಿಳಿಸಿದಂತೆ ಮುಂದುವರಿಸಬೇಕು. ಬೆದೆಗೆ ಬಂದ ಹೆಣ್ಣುನಾಯಿಯನ್ನೂ ಕರೆದೊಯ್ಯಬಾರದು.

ಪ್ರಶ್ನೆ: ಅರ್ಜಿ ತಿರಸ್ಕೃತವಾದರೆ ಏನು ಮಾಡಬೇಕು?
ಉತ್ತರ: ಕಾರಣವನ್ನು ಲಿಖಿತವಾಗಿ ಕೋರಬಹುದು. ಆಕ್ಷೇಪಣೆಗಳನ್ನು ಪರಿಶೀಲಿಸಿ, ಜಾಗ ಅಥವಾ ವೇಳೆಯನ್ನು ಬದಲಿಸಿ ಹೊಸ ಅರ್ಜಿ ಸಲ್ಲಿಸಬಹುದು.

ಪ್ರಶ್ನೆ: ನಿಯಮ ಮುರಿಯುವವರ ಬಗ್ಗೆ ಯಾರಿಗೆ ದೂರು ನೀಡಬೇಕು?
ಉತ್ತರ: ಉದ್ಯಾನದ ಉಸ್ತುವಾರಿ ಅಧಿಕಾರಿಗೆ ದಿನಾಂಕ ಮತ್ತು ವೇಳೆಯೊಂದಿಗೆ ಲಿಖಿತವಾಗಿ ನೀಡಬೇಕು. ಕಡಿತದಿಂದ ಗಾಯವಾಗಿದ್ದಲ್ಲಿ ಮೊದಲು ಚಿಕಿತ್ಸೆ ಪಡೆದು ಅನಂತರ ಪೊಲೀಸ್ ಠಾಣೆಗೂ ದೂರು ನೀಡಬಹುದು. ನಾಯಿಗೆ ಕಲ್ಲು ಹೊಡೆಯುವುದು, ವಿಷವಿಕ್ಕುವುದು ಅಪರಾಧವಾಗಿರುತ್ತದೆ.

ಉಪಸಂಹಾರ

ನಾಯಿಗೆ ವ್ಯಾಯಾಮ ಒದಗಿಸುವುದು ಮಾಲೀಕನ ಕರ್ತವ್ಯ. ಉದ್ಯಾನದಲ್ಲಿ ಅಂಜಿಕೆಯಿಲ್ಲದೆ ನಡೆಯುವುದು ಪ್ರತಿಯೊಬ್ಬ ನಾಗರಿಕನ ಸಹಜ ಅಪೇಕ್ಷೆ. ಈ ಎರಡಕ್ಕೂ ಎಡೆ ಮಾಡಿಕೊಡುವ ವ್ಯವಸ್ಥೆ ಸಾಧ್ಯವೆಂಬುದನ್ನು ಕಬ್ಬನ್ ಉದ್ಯಾನದ ಬೇಲಿಯೊಳಗಿನ ಅಂಗಳವು ತೋರಿಸಿದೆ. ಅದನ್ನು ಉಳಿಸಿಕೊಳ್ಳುವುದು ಸುಲಭವಲ್ಲವೆಂಬುದನ್ನು 2022ರ ಪ್ರಸಂಗವು ತೋರಿಸಿದೆ. ನಾಯಿ ಸಾಕದ ನೆರೆಯವರ ಒಪ್ಪಿಗೆಯನ್ನು ಮೊದಲು ಪಡೆದು, ಅನಂತರ ಪ್ರಾಧಿಕಾರದ ಬಳಿ ಬರುವ ಅರ್ಜಿದಾರರ ಕೆಲಸ ಅರ್ಧ ಆದಂತೆಯೇ. ಹೆಚ್ಚಿನ ಮಾಹಿತಿಗಾಗಿ ಸಾರ್ವಜನಿಕರು ತಮ್ಮ ವ್ಯ್ಯಾಪ್ತಿಯ ಸ್ಥಳೀಯ ಸಂಸ್ಥೆಯ ಕಚೇರಿಯನ್ನು, ಲಸಿಕೆ ಮತ್ತು ಪ್ರಾಣಿಯ ಆರೋಗ್ಯಕ್ಕೆ ಸಂಬಂಧಿಸಿದ ಮಾಹಿತಿಗಾಗಿ ಹತ್ತಿರದ ಸರ್ಕಾರಿ ಪಶು ಆಸ್ಪತ್ರೆಯನ್ನು ಕಚೇರಿಯ ವೇಳೆಯಲ್ಲಿ ಸಂಪರ್ಕಿಸಬಹುದಾಗಿದೆ.